ಶಾಂತಕುಮಾರಿಯ ಸ್ಲೇಟು

ನನ್ನ ಹೆಂಡ್ತಿ ಶಾಂತಕುಮಾರಿ ಹಠ ಎಂಥದ್ದು ಅಂತ ಬಡವನಹಳ್ಳಿಯಾಗೆ ಯಾರನ್ನ ಕೇಳಿದ್ರೂ ಹೇಳ್ತಾರೆ. ಮಹಿಳಾ ಹಾಲಿನ ಡೈರಿ ಸೆಕ್ರೆಟರಿ ಅವ್ಳು. ಹಾಲಿಗೆ ನೀರು ಬೆರೆಸ್ಕಂಡು ಬಂದವ್ರು ಸ್ವಂತ ತಂಗಿ ಆದ್ರೂ ಸರಿಯೆ, ಕ್ಯಾನಿಗೆ ಸುರಿಯಾಕೆ ಬುಡಾಕಿಲ್ಲ, ಮುಖಕ್ಕೆ ಹೊಡ್ದಂಗೆ ಹೇಳಿ ವಾಪಸ್ ಕಳಿಸ್ತಾಳೆ. ಅಂಥವ್ಳು ಒಂದು ಅಂಗೈ ಅಗಲದ ಸಾಮಾನಿನ ಮುಂದೆ ಸೋತಿದ್ದು ನಾನು ಕಣ್ಣಾರೆ ಕಂಡಿದ್ದೀನಿ. ಸೋತೆ ಅಂತ ಅವ್ಳು ಒಪ್ಪಾಕಿಲ್ಲ. ಒಪ್ದೇ ಇರ್ಲಿ ಬುಡಿ, ನಡೆದದ್ದು ನಡೆದಂಗೆ ನಾನು ಹೇಳ್ತೀನಿ, ಕೇಳಿದವ್ರು ತೀರ್ಮಾನ ಮಾಡ್ಲಿ.

ನಾನು ಅಂಜಿನಮೂರ್ತಿ. ಬಸ್‌ಸ್ಟ್ಯಾಂಡ್ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ ನಂದು. ಕೊಳವೆಬಾವಿ ಮೋಟಾರು ಸುಟ್ಟೋದ್ರೆ ಈ ಕಡೆ ಸಿರಾ ರೋಡಿನ ಹಳ್ಳಿಗಳಿಂದ ಆ ಕಡೆ ಮಧುಗಿರಿ ತಂಕ ಜನ ನನ್ನ ಹತ್ರಕ್ಕೇ ಹೊತ್ಕಂಡು ಬರ್ತಾರೆ. ತಾಮ್ರದ ತಂತಿ ಸುತ್ತೋದ್ರಲ್ಲಿ ನನ್ನ ಸಮ ಈ ಹೋಬಳಿಯಾಗೆ ಯಾರಿಲ್ಲ, ಇದನ್ನ ನಾನೇ ಹೇಳ್ಕಬೇಕು, ಬೇರೆಯವ್ರು ಹೇಳಾಕೆ ಹೊಟ್ಟೆಕಿಚ್ಚು. ಓದು ಮಾತ್ರ ನಂಗೆ ಹತ್ತಲಿಲ್ಲ. ಪೇಪರಲ್ಲಿ ಮಳೆ ಸುದ್ದಿ ನೋಡ್ತೀನಿ, ಕ್ರಿಕೆಟ್ಟು ನೋಡ್ತೀನಿ, ಮಡಚಿಡ್ತೀನಿ.

ಶಾಂತ ಪುರವರದೋಳು. ಮದುವೆಯಾಗಿ ಬರೋವಾಗ ಒಂದು ಟ್ರಂಕು ತಂದ್ಲು. ಇಬ್ರು ಗಂಡಸ್ರು ಸೇರಿ ಇಳಿಸ್ಬೇಕಾಯ್ತು, ಅಷ್ಟು ಭಾರ. ತಾಮ್ರದ ಹಂಡೆ-ಪಾತ್ರೆ ಇರ್ಬೇಕು ಅಂತ ನಮ್ಮವ್ವ ಜುಂಜಮ್ಮ ಜಂಬದಿಂದ ನೆಂಟ್ರ ಮುಂದೇನೇ ಬೀಗ ತೆಗೆಸಿದ್ಲು. ನೋಡಿದ್ರೆ ಬರೀ ಕಾದಂಬರಿ. ಒಂದೊಂದಕ್ಕೂ ಹಳೇ ಕ್ಯಾಲೆಂಡರ್ ಹಾಳೆಯಿಂದ ರಟ್ಟು ಹಾಕಿ, ನಡುನಡುವೆ ಒಣಗಿದ ಬೇವಿನೆಲೆ ಇಟ್ಟಿದ್ಲು, ಹುಳ ಬೀಳ್ದಿರ್ಲಿ ಅಂತ. ನೆಂಟ್ರು ಮುಸಿಮುಸಿ ನಕ್ರು. ಅವ್ವ ಅವತ್ತು ಊಟ ಮಾಡ್ಲಿಲ್ಲ.

ನಮ್ಮದು ಕುರಿ ಮನೆ. ಅವ್ವ ಮಂಡಿ ಸೋಲೋ ತಂಕ ಕುರಿ ಹಿಂದೇನೇ ತಿರುಗಿದೋಳು, ಅಕ್ಷರ ಅಂದ್ರೆ ಹೆಬ್ಬೆಟ್ಟು. ಸೊಸೆ ಒಲೆ ಮುಂದೆ ಪುಸ್ತಕ ಹಿಡ್ಕಂಡು ಕೂತ್ರೆ ಸಾರು ಉಕ್ಕಿ ಒಲೆ ಆರೋದು, ಅವ್ವ ಬಾಯಿಗೆ ಬಂದಂಗೆ ಬಯ್ಯೋದು, ಸೊಸೆ ತುಟಿ ಪಿಟಿಕ್ ಅನ್ನದೆ ಪುಟ ತಿರುಗಿಸೋದು. ಎರಡು ವರ್ಷ ಹಿಂಗೇ ನಡೀತು. ಒಂದಿನ ಅವ್ವ ಹುರುಳಿ ಆರಿಸ್ತಾ ಕೂತಿದ್ಲು. ಶಾಂತ ಪುಸ್ತಕ ನೋಡ್ಕಂಡು ಒಬ್ಳೇ ನಗ್ತಿದ್ಲು. ಅವ್ವಂಗೆ ತಡೀಲಿಲ್ಲ. "ಅದೇನಂತೆ ಅದ್ರಾಗೆ? ನೀನೊಬ್ಳೇ ಹಲ್ಲು ಬುಟ್ಕಂಡು ಕೂತಿದ್ರೆ ಆಯ್ತಾ? ನಂಗೂ ಒಸಿ ಹೇಳು" ಅಂದ್ಲು. ಶಾಂತ ಓದಿದ್ಲು. ಅವ್ವ ಹುರುಳಿ ಮೊರ ಪಕ್ಕಕ್ಕಿಟ್ಲು. ಅವತ್ತಿನಿಂದ ಸಾಯಂಕಾಲ ಡೈರಿ ಮುಗಿಸ್ಕಂಡು ಬಂದ ಮೇಲೆ ಜಗಲಿ ಮೇಲೆ ಓದೋದು, ಅತ್ತೆ ಎಲೆ-ಅಡಿಕೆ ಮೆಲ್ಲುತ್ತಾ ಕೇಳೋದು ನಮ್ಮನೆ ಪದ್ಧತಿ ಆಗೋಯ್ತು. ಮಗಳು ಅಶ್ವಿನಿ ಹುಟ್ಟಿದ್ದು, ಬೆಳೆದದ್ದು, ಎಲ್ಲಾ ಆ ಓದಿನ ನಡುವೆಯೇ. ಅತ್ತೆ-ಸೊಸೆ ಬೇರೆ ಯಾವ ವಿಷಯಕ್ಕೂ ಒಂದಾಗಿದ್ದು ನಾನು ಕಾಣೆ, ಕತೆ ಅಂದ್ರೆ ಮಾತ್ರ ಇಬ್ರೂ ಒಂದು, ನಾನೇ ಹೊರಗಿನೋನು.

ನನ್ನ ಕೈಗಂತೂ ಪುಸ್ತಕ ಕೊಡ್ತಾನೇ ಇರ್ಲಿಲ್ಲ. "ಮೋಟಾರು ಮುಟ್ಟಿದ ಕೈಲಿ ಮುಟ್ಟಬೇಡಿ ರೀ, ಗ್ರೀಸ್ ಆಗುತ್ತೆ" ಅನ್ನೋಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಡ್ತಿ ಕಣ್ರೀ, ನಂಗೆ ಹಂಗನ್ನೋದು.

ಇನ್ನು ಪೂಜೆ ವಿಷಯ. ಮೊದ್ಲು ನಮ್ಮನೇಲಿ ದಸರಾ ಅಂದ್ರೆ ಆಯುಧಪೂಜೆ ಒಂದೇ. ಮಚ್ಚು, ಕುಡ್ಲು, ಉಣ್ಣೆ ಕತ್ರಿ, ಆಮೇಲೆ ನನ್ನ ವೈಂಡಿಂಗ್ ಮಿಷಿನ್ನು. ಶಾಂತ ಬಂದ ಮೇಲೆ ಸರಸ್ವತಿ ಪೂಜೆ ಶುರುವಾಯ್ತು. ಹಬ್ಬದ ಕೊನೇ ದಿನಗಳಾಗೆ ಮೂಲಾ ನಕ್ಷತ್ರದ ದಿನ ಮನೇಲಿರೋ ಪುಸ್ತಕ ಅಷ್ಟೂ ಮಣೆ ಮೇಲೆ ಜೋಡ್ಸಿ, ಕಲಶ ಇಟ್ಟು ಪೂಜೆ ಮಾಡೋದು. ಅಲ್ಲಿಂದ ವಿಜಯದಶಮಿ ದಿನ ಕಲಶ ಕದಲಿಸಿ ಪೂಜೆ ಎತ್ತೋ ತಂಕ ಪುಸ್ತಕ ಮುಟ್ಟೋ ಹಂಗಿಲ್ಲ, ಓದೋ ಹಂಗಿಲ್ಲ. ಸೊಸೆ ತಂದ ಶಾಸ್ತ್ರ, ಹಿಡ್ಕಂಡೋಳು ಅತ್ತೆ. ಅಶ್ವಿನಿ ಚಿಕ್ಕೋಳಿದ್ದಾಗ ಪೂಜೆ ದಿನ ಬಸ್ಸಿನ ಬೋರ್ಡು ಓದಿದ್ಲು ಅಂತ ನಮ್ಮವ್ವ ಗದರಿದ್ದುಂಟು. ಶಾಂತಾನೂ ಲೆಕ್ಕ ಹಾಕ್ಕಂಡು, ಹಿಡಿದ ಕಾದಂಬರೀನ ಪೂಜೆ ಹೊತ್ತಿಗೆ ಮುಗಿಸ್ಬುಡೋಳು.

ಅಶ್ವಿನಿ ಓದಿ ನರ್ಸ್ ಆದ್ಲು, ತುಮಕೂರಿನ ಒಂದು ಆಸ್ಪತ್ರೆಯಾಗೆ ಕೆಲ್ಸಕ್ಕೆ ಸೇರಿದ್ಲು. ಎರಡು ವರ್ಷದ ಹಿಂದೆ ಅಮ್ಮಂಗೆ ಅಂತ ಒಂದು ಇ-ರೀಡರ್ ತಂದ್ಲು. ನೋಡಾಕೆ ಮಕ್ಕಳ ಸ್ಲೇಟಿನಂಗೆ ಐತೆ. ಅದ್ರಾಗೆ ನೂರಾರು ಪುಸ್ತಕ ಹಿಡಿಸ್ತವಂತೆ, ಕನ್ನಡದವೂ ಸಿಕ್ತವಂತೆ, ಕಣ್ಣಿಗೆ ಫೋನಿನಂಗೆ ಚುಚ್ಚಾಕಿಲ್ಲವಂತೆ. ಮಗಳು ಹೇಳ್ತಾನೇ ಇದ್ಲು, ಶಾಂತ ಅದನ್ನ ಮೂಗಿನ ಹತ್ರ ತಗಂಡೋಗಿ ವಾಸನೆ ನೋಡಿದ್ಲು.

"ಏನೂ ವಾಸನೆ ಇಲ್ಲವಲ್ಲೇ."

"ಅಮ್ಮಾ, ಅದು ಮೂಸೋದಲ್ಲ, ಓದೋದು."

"ಓದಿದ್ದೆಷ್ಟು, ಉಳಿದಿದ್ದೆಷ್ಟು ಅಂತ ಕೈಗೆ ಗೊತ್ತಾಗ್ಬೇಕು ಕಣೆ. ಓದ್ತಾ ಓದ್ತಾ ಎಡಗೈಲಿ ದಪ್ಪ ಆಗ್ಬೇಕು, ಬಲಗೈಲಿ ತೆಳ್ಳಗಾಗ್ಬೇಕು. ಇದು ಮೊದಲಿಂದ ಕೊನೇವರೆಗೂ ಒಂದೇ ದಪ್ಪ. ಇದು ಪುಸ್ತಕ ಅಲ್ಲ" ಅಂದ್ಬುಟ್ಲು. ಮಗಳ ಮುಖ ಸಣ್ಣಗಾಯ್ತು. ನಂಗೆ ರೇಗಿ ಹೋಯ್ತು. ಡೈರಿಯಾಗೆ ಹಾಲಿನ ಜಿಡ್ಡು ನೋಡಾಕೆ ಮಿಷಿನ್ ಬಂದಾಗ ಬಾಯಿ ತುಂಬಾ ಹೊಗಳ್ದೋಳು ಇವ್ಳೇ, ಹಾಲು ಅಳೆಯಾಕೆ ಮಿಷಿನ್ ಬೇಕು, ಓದಾಕೆ ಬ್ಯಾಡ್ವ ಅಂದೆ. "ಹಾಲು ಬೇರೆ, ಪುಸ್ತಕ ಬೇರೆ" ಅಂದ್ಲು, ಮಾತು ಮುಗೀತು.

ಒಂದ್ಸಲ ಮಳೇಲಿ ನೆಂದ ಪುಸ್ತಕದ ಹಾಳೆ ಸೊಟ್ಟಗಾಗಬಾರ್ದು ಅಂತ ಅದರ ಮೇಲೆ ಆ ಸ್ಲೇಟು ಇಟ್ಲು. ಹಾಳೆ ಸೊಟ್ಟಗೇ ಆದ್ವು. "ಭಾರಕ್ಕೆ ಇಡೋಣ ಅಂದ್ರೆ ಭಾರಾನೂ ಇಲ್ಲ" ಅಂತ ಎತ್ತಿ ಬೀರು ಮೇಲಕ್ಕೆ ಹಾಕಿದ್ಲು.

ಆ ವರ್ಷದ ದಸರಾದಾಗೆ ಅದನ್ನೂ ಸರಸ್ವತಿ ಪೂಜೆಗೆ ಇಡು ಅಂದೆ, ಮಗಳು ಆಸೆಪಟ್ಟು ತಂದಿರೋದಲ್ವಾ ಅಂತ. ಸೊಪ್ಪು ಹಾಕ್ಲಿಲ್ಲ. "ಕರೆಂಟಲ್ಲಿ ನಡೆಯೋದು ನಿಮ್ಮ ಕಡೆ. ನಿಮ್ಮ ಆಯುಧಪೂಜೆಗೆ ಇಟ್ಕೊಳ್ಳಿ" ಅಂದ್ಲು. ನಾನೂ ಬುಡ್ಲಿಲ್ಲ. ಅಂಗಡಿಗೆ ತಗಂಡೋಗಿ, ವೈಂಡಿಂಗ್ ಮಿಷಿನ್ ಪಕ್ಕ ಕೂರ್ಸಿ, ಮಿಷಿನ್ನಿಗೆ ಬಳ್ದಂಗೇ ಅದರ ಗಾಜಿಗೂ ಮೂರು ಪಟ್ಟೆ ವಿಭೂತಿ ಎಳೆದು, ಅರಿಶಿನ-ಕುಂಕುಮ ನೀರಲ್ಲಿ ಕಲಸಿ ಇಟ್ಟೆ. ಒದ್ದೆ ಬೆರಳು ತಾಗಿದ್ದಕ್ಕೋ ಏನೋ, ಅದು ತಾನಾಗೇ ಎದ್ದು ಯಾವುದೋ ಪುಸ್ತಕದ ಪುಟ ಮೇಲಿಂದ ಮೇಲೆ ತಿರುವ್ತಾ ಹೋಯ್ತು. ನಾನು ಕೈ ಮುಗಿದು ನಿಂತ್ಕಂಡೆ. ಮಗಳು ವಿಡಿಯೋ ಕಾಲಲ್ಲಿ ನೋಡಿ, "ಅಪ್ಪಾ, ಒರೆಸಪ್ಪ ಅದನ್ನ" ಅಂತ ತಲೆ ಚಚ್ಕಂಡ್ಲು. ಒರೆಸಿದೆ. ಅರಿಶಿನ ಅಂಚಿನಾಗೆ ಹಂಗೇ ಉಳ್ಕಂತು. ಅಲ್ಲಿಂದಾಚೆಗೆ ಆ ಸ್ಲೇಟಿನ ಜಾಗ ನನ್ನ ಅಂಗಡಿ ಗೂಡೇ. ಚಾರ್ಜಿಗೆ ಹಾಕೋದು, ಧೂಳು ಹೊಡೆಯೋದು ನಂದೇ ಕೆಲ್ಸ.

ಹೋದ ವರ್ಷ ಶ್ರಾವಣದಲ್ಲಿ ಅವ್ವಂಗೆ ಹೊಟ್ಟೆನೋವು ಶುರುವಾಯ್ತು. ಮಧುಗಿರಿಯಲ್ಲಿ ಸ್ಕ್ಯಾನ್ ಮಾಡ್ಸಿದ್ವಿ, ಗೆಡ್ಡೆ ಐತೆ ಅಂದ್ರು. ತುಮಕೂರಿಗೆ ಕರ್ಕಂಡೋದ್ವಿ. ಅಶ್ವಿನಿ ಆಸ್ಪತ್ರೆ ಡಾಕ್ಟರು, "ತೆಗೆದ್ರೆ ಬದುಕ್ತಾರೆ, ಬಿಟ್ರೆ ಬೆಳೆಯುತ್ತೆ. ವಯಸ್ಸಾಗಿದೆ, ಮತ್ತಿನ ಇಂಜೆಕ್ಷನ್ ಕೊಡುವಾಗ ಜೋಪಾನ ಬೇಕು, ಅಷ್ಟೇ" ಅಂದ್ರು. ಕೊನೇ ಮಾತು ನಮ್ಮವ್ವನ ಕಿವಿಗೆ ಬಿತ್ತು ನೋಡಿ, ಅಲ್ಲಿಂದ ಅವ್ವ ಮಾತು ಕಮ್ಮಿ ಮಾಡ್ಬುಟ್ಲು. ರಾತ್ರಿ ಹೊತ್ತು ಕುರಿ ಕಾದೋಳು, ತೋಳ ಅಟ್ಟಿದೋಳು, ಮತ್ತಿನ ಇಂಜೆಕ್ಷನ್ನಿಗೆ ಹೆದರಿದ್ಲು. ಒಂದ್ಸಲ ಕಣ್ಮುಚ್ಚಿದ್ರೆ ಎದ್ದೇಳ್ತೀನೋ ಇಲ್ವೋ ಅನ್ನೋ ಭಯ. ಹೋಗೋಣ ಅಂದಾಗೆಲ್ಲಾ ನಾಳೆ ನೋಡಾಣ ಅನ್ನೋಳು. ನಾನು ಬೈದು ಹಾರಾಡ್ತಿದ್ದೆ.

ಆವಾಗ ಓದ್ತಿದ್ದದ್ದು ಮೂರು ಭಾಗದ ಒಂದು ದೊಡ್ಡ ಕಾದಂಬರಿ. ರೈಲಿನ ಗದ್ದಲದಾಗೆ ಕೈತಪ್ಪಿ ಹೋದ ತಮ್ಮನ್ನ ಹುಡುಕ್ಕಂಡು ಒಬ್ಳು ಅಕ್ಕ ಊರೂರು ತಿರುಗೋ ಕತೆ. ಆಸ್ಪತ್ರೆ ಓಡಾಟದಲ್ಲಿ ಓದು ಹಿಂದೆ ಬಿತ್ತು. ಮೂರನೇ ಭಾಗ ಅರ್ಧಕ್ಕೆ ಬರೋದ್ರೊಳಗೆ ಸರಸ್ವತಿ ಪೂಜೆ ಬಂದೇ ಬಿಡ್ತು. ಶಾಂತ ಎಲ್ಲಾ ಪುಸ್ತಕದ ಜೊತೆಗೆ ಅದನ್ನೂ ಮಣೆ ಮೇಲಿಟ್ಟು, ಕಲಶ ಕೂರ್ಸಿ, ಮಂಗಳಾರತಿ ಮಾಡಿದ್ಲು. ಕರ್ಪೂರ ಆರಿರಲಿಲ್ಲ, ಅಶ್ವಿನಿ ಫೋನ್ ಬಂತು.

"ಅಪ್ಪಾ, ಹಬ್ಬ ಅಂತ ಯಾರೂ ಆಪರೇಷನ್ನಿಗೆ ಒಪ್ತಿಲ್ಲ, ಡಾಕ್ಟರು ಖಾಲಿ ಇದ್ದಾರೆ. ಆಯುಧಪೂಜೆ ದಿನ ಅಡ್ಮಿಟ್ ಮಾಡಿ, ವಿಜಯದಶಮಿ ಬೆಳಿಗ್ಗೆ ಮಾಡ್ಬಿಡ್ತಾರಂತೆ. ಇದು ತಪ್ಪಿದ್ರೆ ಇನ್ನು ಒಂದು ತಿಂಗಳು ಡೇಟ್ ಸಿಗಲ್ಲ. ಅಜ್ಜಿಗೆ ಅಷ್ಟು ದಿನ ಕಾಯೋಕಾಗಲ್ಲ" ಅಂದ್ಲು.

ಅವ್ವಂಗೆ ಹೇಳ್ದೆ. ಅವ್ವ ಗೋಡೆಗೆ ಒರಗಿ ಕೂತಿದ್ಲು. "ಆ ಕತೆ ಮುಗೀಲಿ. ಆಮ್ಯಾಕೆ ಬತ್ತೀನಿ" ಅಂದ್ಲು.

"ಕತೆಗೂ ಆಪರೇಷನ್ನಿಗೂ ಏನವ್ವ?"

"ಮತ್ತು ಕೊಟ್ಟ ಮ್ಯಾಲೆ ನಾನು ಎದ್ದೇಳ್ತೀನಿ ಅಂತ ಬರ್ಕೊಟ್ಟವ್ರೇನ್ಲಾ? ಆ ಹೆಣ್ಣಿಗೆ ತಮ್ಮ ಸಿಕ್ನೋ ಇಲ್ವೋ ತಿಳೀದಂಗೆ ನಾನು ಎಲ್ಲಿಗೂ ಬರಾಕಿಲ್ಲ."

ಸರಿ, ಪುಸ್ತಕ ಎತ್ಕೋ ಶಾಂತಾ, ಓದಿ ಮುಗಿಸು ಅಂದೆ. ಶಾಂತ ಕಲಶದ ಕಡೆ ಕೈ ಚಾಚಿದ್ಲು. ಅವ್ವ ಇದ್ದಲ್ಲಿಂದಾನೇ ಗುಡುಗಿದ್ಲು. "ಮುಟ್ಟಬ್ಯಾಡ. ಪೂಜೆ ಕದಲಿಸಿ ನನ್ನನ್ನ ಡಾಕ್ಟ್ರ ಕತ್ರಿ ಕೆಳಕ್ಕೆ ಕಳಿಸ್ತೀಯಾ? ದೇವ್ರು ಕೂತವ್ಳೆ ಅಲ್ಲಿ."

ತಲೆ ಕೆಟ್ಟೋಯ್ತು ನಂಗೆ. ಕತೆ ಮುಗೀದೆ ಬರಾಕಿಲ್ಲ, ಪೂಜೆ ಎತ್ತೋ ತಂಕ ಕತೆ ಮುಗಿಸೋ ಹಂಗಿಲ್ಲ, ಪೂಜೆ ಎತ್ತೋ ದಿನಾನೇ ಆಪರೇಷನ್ನು. ಶಾಂತ ನನ್ನ ಮುಖ ನೋಡಿದ್ಲು, ನಾನು ಅವಳ ಮುಖ ನೋಡ್ದೆ. ಆವಾಗ ಹೊಳೀತು ನಂಗೆ, ಅಂಗಡಿಗೆ ಓಡಿದೆ. ಸ್ಲೇಟು ತಂದು ಮಗಳಿಗೆ ಫೋನ್ ಮಾಡ್ದೆ. ಪುಣ್ಯಕ್ಕೆ ಆ ಕಾದಂಬರಿ ಸಿಕ್ತು. ಅವ್ಳು ಅಲ್ಲಿಂದ ಕಳಿಸಿದ್ಲು, ನಾನು ಇಲ್ಲಿ ಹಾಟ್‌ಸ್ಪಾಟ್ ಹಾಕಿದೆ, ಇಳೀತು.

ಶಾಂತ ಮುಂದೆ ಹಿಡಿದೆ. ಮೂಸಿ ಬೀರು ಮೇಲಕ್ಕೆ ಹಾಕಿದ್ದನ್ನೇ ಕೈ ಚಾಚಿ ಇಸ್ಕಂಡ್ಲು. ಬೇರೆ ಹೊತ್ತಾಗಿದ್ರೆ ನಾನು ನಾಲ್ಕು ಮಾತು ಚುಚ್ಚದೆ ಬುಡ್ತಿರ್ಲಿಲ್ಲ. ಅವ್ವ ಕಣ್ಣು ಕಿರಿದು ಮಾಡಿ ಅದನ್ನೇ ನೋಡ್ತಾ ಕೇಳಿದ್ಲು. "ಅದು ಪುಸ್ತಕಾನಾ?"

ಪುಸ್ತಕ ಅಂದ್ರೆ ಓದಂಗಿಲ್ಲ.

"ಅಲ್ಲ ಅತ್ತೆ. ನಾನು ಮೊದಲಿಂದ ಹೇಳ್ತಿಲ್ವಾ. ಇದು ಪುಸ್ತಕ ಅಲ್ಲ, ಮಿಷಿನ್ನು" ಅಂದ್ಲು ಶಾಂತ.

"ಮಿಷಿನ್ನಾದ್ರೆ ಓದು" ಅಂದ್ಲು ಅವ್ವ.

ಓದಾಕೆ ಕೂತ್ಲು. ಮೊದ್ಲು ಅದನ್ನ ಮಂಗಳಾರತಿ ತಟ್ಟೆ ಹಿಡ್ದಂಗೆ ಎರಡೂ ಕೈಲಿ ದೂರಕ್ಕೆ ಹಿಡಿದಿದ್ಲು. ಪುಟ ತಿರುಗಿಸಾಕೆ ಅಭ್ಯಾಸ ಬಲದಿಂದ ಬೆರಳು ನಾಲಿಗೆಗೆ ಒತ್ತಿ ಮುಟ್ಟೋಳು, ಎರಡೆರಡು ಪುಟ ಮುಂದಕ್ಕೆ ಹಾರೋದು, ಹಾಳಾದ್ದು ಅಂತ ಬೈಕಂಡು ವಾಪಸ್ ಬರೋಳು. ಆ ಅಕ್ಕ ಯಾವುದೋ ಸ್ಟೇಷನ್ನಿನ ಹೋಟ್ಲಲ್ಲಿ ಲೋಟ ತೊಳೆಯೋ ಕೆಲ್ಸಕ್ಕೆ ಸೇರೋ ಭಾಗ ಬಂತು. ಅಲ್ಲಿಂದ ಶಾಂತಂಗೆ ಬೈಯೋದು ಮರೆತೋಯ್ತು. ಸ್ಲೇಟು ತೊಡೆ ಮೇಲಕ್ಕೆ ಬಂತು, ಆಮೇಲೆ ಎದೆ ಹತ್ರಕ್ಕೆ. ಕರೆಂಟು ಹೋಯ್ತು. ನಾನು ಟಾರ್ಚ್ ತರಾಕೆ ಎದ್ದೆ. ಅವ್ಳು ಓದು ನಿಲ್ಸೇ ಇರ್ಲಿಲ್ಲ, ಅದ್ರೊಳಗೇ ಬೆಳಕು ಇತ್ತಲ್ಲ.

ಮಾರನೇ ದಿನ ಸಾಯಂಕಾಲಾನೂ ಓದಿದ್ಲು. ಅವ್ವ ನಡುನಡುವೆ ಕಣ್ಣೊರೆಸಿಕೊಳ್ಳೋಳು. ಮೊದ್ಲಾದ್ರೆ ಪುಸ್ತಕದ ಕಡೆ ನೋಡಿ ಇನ್ನೆಷ್ಟು ದಪ್ಪ ಐತೆ ಅಂತ ಅಂದಾಜು ಮಾಡೋಳು, ಈಗ ಕೇಳ್ಬೇಕು. "ಎಷ್ಟು ಉಳೀತೇ?" ಅನ್ನೋಳು. "ನೂರಕ್ಕೆ ಇಪ್ಪತ್ತು ಉಳೀತು ಅತ್ತೆ, ಇಲ್ಲೇ ಬರೆದಿದೆ" ಅನ್ನೋಳು ಇವ್ಳು, ತಾನೇ ಆ ಮಿಷಿನ್ ಕಂಡುಹಿಡಿದೋಳಂಗೆ.

ಆಯುಧಪೂಜೆ ದಿನ ಬೆಳಿಗ್ಗೆ ಅಂಗಡಿಯಲ್ಲಿ ಅವಸರವಾಗಿ ಪೂಜೆ ಮುಗ್ಸಿ, ಮನೆಗೆ ಬೀಗ ಹಾಕಿ, ಗೆಳೆಯ ಪರಮೇಶನ ಕಾರಲ್ಲಿ ತುಮಕೂರಿಗೆ ಹೊರಟ್ವಿ. ಕತೆ ಮುಗಿದಿರಲಿಲ್ಲ. ಅಲ್ಲೇ ಓದಿ ಮುಗಿಸ್ತೀನಿ ಅಂತ ಶಾಂತ ಮಾತು ಕೊಟ್ಟಿದ್ಕೆ ಅವ್ವ ಕಾರು ಹತ್ತಿದ್ಲು. ನಮ್ಮನ್ನ ಆಸ್ಪತ್ರೆಗೆ ಬಿಟ್ಟು ಪರಮೇಶ ಹಬ್ಬ ಅಂತ ವಾಪಸ್ ಹೊರಟ.

ವಾರ್ಡಿನಾಗೆ ಅವ್ವಂಗೆ ಹಸಿರು ಬಟ್ಟೆ ಹಾಕಿದ್ರು. ಅಷ್ಟು ದೊಡ್ಡ ಹೆಂಗಸು ಆ ಮಂಚದ ಮೇಲೆ ಸಣ್ಣ ಮಗೂನಂಗೆ ಕಂಡ್ಲು ನಂಗೆ. ಸಾಯಂಕಾಲ ಕಿಟಕಿ ಪಕ್ಕ ಸ್ಟೂಲ್ ಹಾಕ್ಕಂಡು ಶಾಂತ ಓದಿದ್ಲು. ಪಕ್ಕದ ಮಂಚದವ್ರೂ ಕಿವಿಗೊಟ್ರು. ಆ ಅಕ್ಕ ಒಂದು ಅಂಗಡಿ ಮುಂದೆ ನಿಂತು, ಒಳಗೆ ಕೆಲ್ಸ ಮಾಡ್ತಿರೋನ ಕಿವಿ ಹಿಂದೆ ತಮ್ಮಂಗಿದ್ದಂಥದ್ದೇ ಮಚ್ಚೆ ನೋಡೋ ತಂಕ ಬಂತು. ಇನ್ನೊಂದೇ ಅಧ್ಯಾಯ. ಶಾಂತ ನೀರು ಕುಡಿಯಾಕೆ ನಿಲ್ಸಿದ್ಲು.

ಅವ್ವ ಅವಳ ಕೈ ಹಿಡಿದ್ಲು. "ಶಾಂತಾ, ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬ್ಯಾಡ. ಇದು ಪುಸ್ತಕ ಅಲ್ಲ ಅಂದೆ. ಪುಸ್ತಕ ಅಲ್ದಿದ್ರೆ ನಾನು ಯಾಕೆ ಹಿಂಗೆ ಅಳ್ತೀನಿ?"

ನಾನು ಹಿಂದಿನಿಂದ ಸನ್ನೆ ಮಾಡ್ದೆ. ಅಲ್ಲ ಅನ್ನು, ಮಿಷಿನ್ನು ಅನ್ನು, ಇನ್ನೊಂದೇ ಅಧ್ಯಾಯ, ಓದಿ ಮುಗಿಸು ಅಂತ. ಶಾಂತ ನನ್ನ ಕಡೆ ತಿರುಗ್ಲೂ ಇಲ್ಲ. ವರ್ಷದ ಮೇಲಿಂದ ಹೇಳ್ಕಂಡು ಬಂದ ಮಾತು, ಇನ್ನೊಂದ್ಸಲ ಹೇಳಿದ್ರೆ ಏನು ಹೋಗ್ತಿತ್ತು ಹೇಳಿ.

"ಪುಸ್ತಕಾನೇ ಅತ್ತೆ" ಅಂದ್ಲು. "ನಾನೇ ಸುಳ್ಳು ಹೇಳಿದೆ. ಪಾಪ ಬಂದ್ರೆ ನನಗೆ ಬರ್ಲಿ."

ಅವ್ವ ಒಂದಷ್ಟು ಹೊತ್ತು ಮೇಲೆ ಫ್ಯಾನ್ ನೋಡಿದ್ಲು. "ಹಂಗಾದ್ರೆ ನಿಲ್ಸು" ಅಂದ್ಲು. "ಪುಸ್ತಕ ಅಂದ ಮ್ಯಾಲೆ ಪೂಜೆ ಎತ್ತೋ ತಂಕ ಓದಂಗಿಲ್ಲ."

ನಂಗೆ ರಕ್ತ ನೆತ್ತಿಗೇರಿತು. "ಅವ್ವ, ಇನ್ನೊಂದು ಅಧ್ಯಾಯ ಕಣವ್ವ. ಬೆಳಿಗ್ಗೆ ನಿನ್ನ ಒ.ಟಿ.ಗೆ ಕರ್ಕಂಡೋಗ್ತಾರೆ. ಕೇಳ್ಕಂಡೇ ಹೋಗು."

"ಬೆಳಿಗ್ಗೆ ಹೋಗ್ತೀನಿ. ಎದ್ದು ಬಂದು ಕೇಳ್ತೀನಿ" ಅಂದ್ಲು ಅವ್ವ, ಮಗ್ಗುಲಾದ್ಲು.

ಎದ್ದು ಬಂದು ಅಂದ್ಲು. ಶ್ರಾವಣದಿಂದ ಈಚೆಗೆ ಅವ್ವ ಆಪರೇಷನ್ ಆದ ಮೇಲಿನ ಮಾತು ಒಂದೂ ಆಡಿರ್ಲಿಲ್ಲ, ಅವತ್ತೇ ಮೊದ್ಲು. ಆದ್ರೂ ನನ್ನ ಸಿಟ್ಟು ಇಳೀಲಿಲ್ಲ. ಹೊರಗೆ ವರಾಂಡದಾಗೆ ಶಾಂತನ್ನ ತರಾಟೆಗೆ ತಗಂಡೆ. ನಿಂದು ಅತಿಯಾಯ್ತು, ಒಂದು ಸುಳ್ಳು ಹೇಳಿದ್ರೆ ನಾಲಿಗೆ ಸೀದೋಗ್ತಿತ್ತಾ, ಹೆಚ್ಚುಕಮ್ಮಿ ಆದ್ರೆ ಆ ಮುದುಕಿ ಆಸೆ ಹಂಗೇ ಉಳೀತದಲ್ಲ ಅಂತ ಕೂಗಾಡ್ದೆ. ಅವ್ಳು ಕಣ್ಣಲ್ಲಿ ನೀರು ತುಂಬ್ಕಂಡು, "ಅವ್ರನ್ನ ಅಷ್ಟು ಅಳಿಸಿದ್ದನ್ನ ಮಿಷಿನ್ನು ಅಂತ ಹೆಂಗೆ ಹೇಳ್ಲಿ ರೀ? ನನ್ನ ಕೈಲಿ ಆಗ್ಲಿಲ್ಲ" ಅಂದ್ಲು. ನಾನು ಟೀ ಕುಡಿಯಾಕೆ ಹೋದೆ.

ವಿಜಯದಶಮಿ ಬೆಳಿಗ್ಗೆ ಅವ್ವನ್ನ ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಕಂಡೋದ್ರು. ಬಾಗಿಲು ಮುಚ್ಕಂತು. ನಾನು ಬೆಂಚಿನ ಮೇಲೆ ಕೂತೆ. ಶಾಂತ ನನ್ನ ಮುಂದೆ ಬಂದು ನಿಂತು, "ನೀವು ಊರಿಗೆ ಹೋಗಿ ಪೂಜೆ ಎತ್ತಿ ಬನ್ನಿ" ಅಂದ್ಲು.

"ಏನಂದೆ?"

"ಮನೆ ಬೀಗದ ಕೈ ನಮ್ಮ ಹತ್ರ ಇದೆ. ಬೇರೆ ಯಾರು ಎತ್ತೋಕಾಗುತ್ತೆ? ಅತ್ತೆ ಎದ್ದ ತಕ್ಷಣ ಕೇಳ್ತಾರೆ. ಆಗ ಇನ್ನೂ ಇಲ್ಲ ಅಂತ ನಾನು ಹೇಳೋಲ್ಲ."

ಒಳಗೆ ಹೆತ್ತ ತಾಯಿ ಹೊಟ್ಟೆ ಕೊಯ್ತಾವ್ರೆ, ಇವ್ಳು ನನ್ನ ಕಲಶ ಕದಲಿಸಾಕೆ ಬಡವನಹಳ್ಳಿಗೆ ಕಳಿಸ್ತಾಳೆ. ಎದ್ದು ನಿಂತೆ, ಬೈಯಾಕೆ ಬಾಯಿ ತೆಗೆದೆ. ಆದ್ರೆ ಅವಳ ಮುಖದಾಗೆ ಅತ್ತೆ ಏಳ್ತಾರೆ ಅನ್ನೋದು ಎಷ್ಟು ಗಟ್ಟಿಯಾಗಿತ್ತು ಅಂದ್ರೆ, ನಂಗೂ ಆ ಧೈರ್ಯ ಬೇಕಾಗಿತ್ತು. ಮಗಳ ಸ್ಕೂಟಿ ಕೀ ಇಸ್ಕಂಡು ಹೊರಟೆ.

ಗುಲಾಬಿ ಬಣ್ಣದ ಸ್ಕೂಟಿ, ಮೀಸೆ ಬಿಟ್ಟ ನಾನು. ರೋಡು ತುಂಬಾ ಹಿಂದಿನ ದಿನ ಒಡೆದ ಬೂದುಗುಂಬಳ, ಕುಂಕುಮ ಹತ್ತಿದ ಚೂರು, ಕೊರಟಗೆರೆ ಹತ್ರ ಜಾರಿ ಬೀಳೋ ಹಂಗಾಗಿತ್ತು. ಬಾಳೆಕಂದು ಕಟ್ಟಿದ ಬಸ್ಸು, ಲಾರಿ ಎದುರಿಗೆ ಬರ್ತಿದ್ವು. ಮಧುಗಿರಿ ದಾಟೋವಾಗ ಬೆಟ್ಟದ ಕಡೆ ತಿರುಗಿ ಕೈ ಮುಗಿದೆ, ಯಾಕೆ ಅಂತ ಗೊತ್ತಿಲ್ಲ, ಎದುರಿಗೆ ಕಾಣಿಸ್ತು, ಮುಗಿದೆ. ಫೋನ್ ಎಲ್ಲಿ ಬಾರಿಸ್ತದೋ ಅಂತ ದಾರಿ ಉದ್ದಕ್ಕೂ ಜೀವ ಕೈಲಿ ಹಿಡ್ಕಂಡಿದ್ದೆ.

ಮನೇಲಿ ಸೋಪು ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದು ಮಣೆ ಮುಂದೆ ನಿಂತೆ. ಮಂತ್ರ ಬರಾಕಿಲ್ಲ ನಂಗೆ. ನೈವೇದ್ಯಕ್ಕೆ ಎರಡು ಬಾಳೆಹಣ್ಣು, ಒಂದಿಷ್ಟು ಸಕ್ಕರೆ ಇಟ್ಟೆ. "ತಾಯಿ, ನಿನ್ನ ಹೆಂಗೆ ಕಳಿಸ್ಕೊಡ್ಬೇಕು ಅಂತ ನಂಗೆ ಗೊತ್ತಿಲ್ಲ, ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೋ. ನಮ್ಮವ್ವನ್ನ ಮಾತ್ರ ವಾಪಸ್ ಕಳಿಸ್ಕೊಡು" ಅಂತ ಅಂದು ಕಲಶ ಉತ್ತರಕ್ಕೆ ಸರಿಸ್ದೆ. ಅಳು ಬಂತು. ಯಾರೂ ಇರ್ಲಿಲ್ಲವಲ್ಲ, ಗಟ್ಟಿಯಾಗೇ ಅತ್ತೆ. ಆಮೇಲೆ ಆ ಕಾದಂಬರಿಯ ಮೂರನೇ ಭಾಗ ಎತ್ಕಂಡು, ಟವೆಲಿನಾಗೆ ಸುತ್ತಿ ಚೀಲಕ್ಕೆ ಹಾಕ್ಕಂಡೆ. ಇಪ್ಪತ್ತೈದು ವರ್ಷದಾಗೆ ಅವಳ ಪುಸ್ತಕ ನಾನು ಮುಟ್ಟಿದ್ದು ಅವತ್ತೇ.

ವಾಪಸ್ ಬರೋ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಶಾಂತ ಅದೇ ಬೆಂಚಿನ ಮೇಲೆ ಸ್ಲೇಟು ತೊಡೆ ಮೇಲಿಟ್ಕಂಡು ಕೂತಿದ್ಲು. ಒಂದೇ ಒಂದು ಅಧ್ಯಾಯ, ಅಷ್ಟೊತ್ತು ಕೈಯಲ್ಲೇ ಇತ್ತು, ಮುಟ್ಟಿರ್ಲಿಲ್ಲ. "ಆಪರೇಷನ್ ಚೆನ್ನಾಗಾಯ್ತಂತೆ. ಇನ್ನೂ ಎಚ್ಚರ ಆಗಿಲ್ಲ" ಅಂದ್ಲು. ಪಕ್ಕದಲ್ಲಿ ಕೂತೆ. ಎಚ್ಚರ ಆಗಿಲ್ಲ ಅನ್ನೋ ಮಾತು ಕೇಳ್ತಾ ಕೂರೋದು ಎಷ್ಟು ಕಷ್ಟ ಅಂತ ಕೂತವ್ರಿಗೇ ಗೊತ್ತು.

ಸಂಜೆ ಮುಂದೆ ಅಶ್ವಿನಿ ಬಾಗಿಲಲ್ಲಿ ತಲೆ ಹಾಕಿ, ಐದು ನಿಮಿಷ ಮಾತ್ರ ಅಂತ ಒಳಗೆ ಕರೆದ್ಲು. ಅವ್ವ ಕಣ್ಣು ಅರ್ಧ ತೆಗೆದಿದ್ಲು. ತುಟಿ ಒಣಗಿತ್ತು. ನಾನು ಬಗ್ಗಿ, ಅವ್ವ, ನಾನು ಕಣವ್ವ ಅಂದೆ. ಅವ್ವ ನನ್ನ ಗುರುತು ಹಿಡಿಯಾಕೆ ಒಂದು ಗಳಿಗೆ ತಗಂಡ್ಲು.

"ಪೂಜೆ ಎತ್ತಿದ್ರೇನ್ಲಾ?" ಅಂದ್ಲು.

"ಎತ್ತಿದೆ ಕಣವ್ವ. ನಾನೇ ಹೋಗಿ ಎತ್ತಿ ಬಂದೆ."

ಅವ್ವ ಶಾಂತನ ಕಡೆ ಕಣ್ಣು ತಿರುಗಿಸಿದ್ಲು. ಮತ್ತೆ ಬಾಯಿ ಬಿಟ್ಟು ಕೇಳಾಕೆ ಶಕ್ತಿ ಇರ್ಲಿಲ್ಲ. ನಾನು ಚೀಲದಿಂದ ಪುಸ್ತಕ ತೆಗೆದು, ಟವೆಲ್ ಬಿಚ್ಚಿ, ನೋಡು ಗ್ರೀಸ್ ಆಗಿಲ್ಲ ಅಂತ ಶಾಂತಂಗೆ ಕೊಡಾಕೆ ಹೋದೆ.

"ಅದು ಇರ್ಲಿ ರೀ" ಅಂದ್ಲು. "ಇದರಲ್ಲಿ ನಿಲ್ಲಿಸಿದ್ವಿ. ಇದರಲ್ಲೇ ಮುಗಿಸ್ತೀವಿ."

ಸ್ಲೇಟು ಬೆಳಗಿತು. ಶಾಂತ ಮಂಚಕ್ಕೆ ಅಂಟ್ಕಂಡು ಕೂತು ಸಣ್ಣ ದನಿಯಾಗೆ ಶುರು ಮಾಡಿದ್ಲು. ಆ ಅಕ್ಕ ಅಂಗಡಿ ಒಳಗೆ ಹೋದ್ಲು. ಒಳಗಿದ್ದೋನು ತಿರುಗಿ ನೋಡ್ದ. ಯಾರು ಬೇಕಾಗಿತ್ತು ಅಂದ. ಅವ್ಳು ಅವನ ಚಿಕ್ಕಂದಿನ ಹೆಸ್ರು ಕರೆದ್ಲು. ಅಲ್ಲಿಗೆ ಬಂದು ಶಾಂತನ ದನಿ ನಿಂತೋಯ್ತು. ಕಣ್ಣೀರು ತುಂಬಿ ಅಕ್ಷರ ಕಾಣಿಸ್ತಿರ್ಲಿಲ್ಲ ಅವ್ಳಿಗೆ. ಅವ್ವ ಕಾಯ್ತಿದ್ಲು.

ಶಾಂತ ಎರಡು ಬೆರಳಿಟ್ಟು ಗಾಜಿನ ಮೇಲೆ ಅಗಲಿಸಿದ್ಲು. ಅಕ್ಷರ ದೊಡ್ಡದಾದ್ವು. ಅದು ಹಂಗೆ ಮಾಡ್ತದೆ ಅಂತ ನಂಗೂ ಗೊತ್ತಿರ್ಲಿಲ್ಲ, ಅವ್ಳಿಗೆ ಯಾವಾಗ ಗೊತ್ತಾಯ್ತೋ. ಸಾಲ್ದು, ಇನ್ನೂ ಅಗಲಿಸಿದ್ಲು. ಕೊನೆಗೆ ಒಂದು ಪುಟಕ್ಕೆ ನಾಲ್ಕೇ ಪದ ನಿಂತ್ವು, ಒಂದೊಂದು ಅಕ್ಷರ ಹೆಬ್ಬೆರಳಷ್ಟು. ನಾಲ್ಕು ಪದ ಓದೋದು, ಪುಟ ತಿರುಗಿಸೋದು, ಮತ್ತೆ ನಾಲ್ಕು ಪದ. ಐದು ನಿಮಿಷ ಯಾವತ್ತೋ ದಾಟಿತ್ತು, ಅಶ್ವಿನಿ ಬಾಗಿಲಿಗೆ ಒರಗಿ ನಿಂತಿದ್ಲು, ನಮ್ಮನ್ನ ಎಬ್ಬಿಸ್ಲಿಲ್ಲ. ಹಂಗೇ ಓದಿದ್ಲು ಶಾಂತ, ಆ ತಮ್ಮ "ಅಕ್ಕಾ" ಅನ್ನೋ ತಂಕ.